ಸೋಮವಾರದ ಎಲೆ

ನಮ್ಮ ಅತ್ತೆಗೆ ಬಿಸಿಲು ಸಾಲುತ್ತಿಲ್ಲ ಎಂದು ಶಿಗ್ಗಾವಿಯ ಡಾಕ್ಟರಬಾಯಿ ಹೇಳಿದಾಗ, ಈ ಹುಡುಗಿ ಬೇರೆ ಯಾವುದೋ ಮುದುಕಿಯ ರಿಪೋರ್ಟು ಓದುತ್ತಿದ್ದಾಳೆ ಎಂದೇ ನಾನು ತಿಳಿದೆ. ಅತ್ತೆ ಸವಣೂರಿನ ವೀಳ್ಯದೆಲೆಯ ತೋಟದಲ್ಲಿ ಅರವತ್ತು ವರ್ಷ ದುಡಿದವಳು. ಮದುವೆಯಾಗಿ ಬಂದ ಮೂರನೆಯ ದಿನಕ್ಕೇ ತೋಟಕ್ಕೆ ಇಳಿದಳಂತೆ. ಎಂಬತ್ತು ದಾಟಿದ ಮೇಲೂ ದಿನಕ್ಕೊಮ್ಮೆ ಎಲೆಬಳ್ಳಿಯ ಮುಖ ನೋಡದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಅಂಥವಳಿಗೆ ಬಿಸಿಲು ಸಾಲದೆ? ನನ್ನ ಗಂಡ ಅಲ್ಲಿಯೇ ಕಿಸಕ್ಕನೆ ನಕ್ಕರು. ನಗಬಾರದ ಜಾಗದಲ್ಲಿ ನಗುವ ಚಟ ಅವರಿಗೆ ಮೊದಲಿನಿಂದಲೂ ಇದೆ.

ಅತ್ತೆಯನ್ನು 'ಅವಳು' ಎಂದು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಎದುರಿಗೆ ಮಾತಿಗೊಂದು 'ರಿ' ಹಚ್ಚಿಯೇ ಮಾತಾಡುತ್ತೇನೆ. ಬೆನ್ನ ಹಿಂದೆ ಮಾತ್ರ ಮೂವತ್ತನಾಲ್ಕು ವರ್ಷದಿಂದ 'ಅವಳು' ಎಂದೇ ರೂಢಿ. ಬರೆಯುವುದೂ ಒಂದು ರೀತಿಯಲ್ಲಿ ಬೆನ್ನ ಹಿಂದೆ ಮಾತಾಡುವುದೇ.

ಡಾಕ್ಟರಬಾಯಿ ನಗಲಿಲ್ಲ. ತೋಟ ಹೇಗಿರುತ್ತದೆ, ಸ್ವಲ್ಪ ಹೇಳಿ ಎಂದಳು. ನನ್ನ ಗಂಡ ಕುರ್ಚಿಯ ತುದಿಗೆ ಸರಿದು ಹೆಮ್ಮೆಯಿಂದ ವರ್ಣಿಸತೊಡಗಿದರು. ಚೊಗಚಿ, ನುಗ್ಗೆ, ಹಾಲವಾಣದ ಮರಗಳು ಒತ್ತೊತ್ತಾಗಿ ನಿಂತಿರುತ್ತವೆ, ಬಳ್ಳಿ ಅವುಗಳ ಮೈಮೇಲೆ ಹಬ್ಬುತ್ತದೆ, ಮಟಮಟ ಮಧ್ಯಾಹ್ನ ಒಳಗೆ ಹೋದರೂ ಕಣ್ಣಿಗೆ ಕತ್ತಲೆ ಕಟ್ಟುತ್ತದೆ, ಎಲೆಗೆ ನೇರ ಬಿಸಿಲು ತಾಗಿದರೆ ಕೆಟ್ಟಿತೆಂದೇ ಲೆಕ್ಕ, ಅದಕ್ಕೇ ಮೊದಲು ನೆರಳು ಬೆಳೆಸಿ ಆಮೇಲೆ ಬಳ್ಳಿ ಬೆಳೆಸುತ್ತೇವೆ... ಇಷ್ಟು ಹೇಳುವಷ್ಟರಲ್ಲಿ ಅವರ ದನಿ ತಾನಾಗಿಯೇ ಇಳಿಯಿತು. ಅರವತ್ತು ವರ್ಷ ಅತ್ತೆ ದುಡಿದದ್ದು ನೆರಳಿನಲ್ಲಿ. ತೋಟದಿಂದ ಬಂದ ಮೇಲೆ ಪಡಸಾಲೆಯಲ್ಲಿ ಕೂತು ಎಲೆ ಹೊಂದಿಸಿ ಕಟ್ಟು ಕಟ್ಟುವುದು, ಅದೂ ನೆರಳು. ಬಿಸಿಲಿಗೆ ಬರುವುದು ಮನೆಯಿಂದ ತೋಟಕ್ಕೆ ಹೋಗುವ ಹಾದಿಯಲ್ಲಿ ಮಾತ್ರ, ಅದೂ ಬೆಳಗು ಹರಿಯುವ ಮೊದಲು.

ನಾವು ಅಲ್ಲಿಗೆ ಹೋಗಬೇಕಾಗಿ ಬಂದದ್ದು ಒಂದು ಬುಟ್ಟಿಯಿಂದ. ಸಂಕ್ರಾಂತಿ ಕಳೆದ ವಾರ ಪಡಸಾಲೆಯ ನಡುವೆ ಎಲೆಯ ಬುಟ್ಟಿ ಇತ್ತು. ಸುತ್ತಿ ಹೋಗಬಹುದಿತ್ತು. ಅತ್ತೆ ಜೀವನದಲ್ಲಿ ಯಾವುದನ್ನೂ ಸುತ್ತಿ ಹೋದವಳಲ್ಲ. ದಾಟಲು ಹೋದಳು, ಸೀರೆಯ ನಿರಿಗೆ ಬುಟ್ಟಿಗೆ ಸಿಕ್ಕಿತು. ಬಿದ್ದದ್ದೂ ದೊಡ್ಡ ಬೀಳುವಿಕೆಯಲ್ಲ; ಕುಂತ ಹಾಗೆ ಬಿದ್ದು ಬಲಗೈ ಊರಿದಳು, ಅಷ್ಟೆ. ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು ಹಾಕಿದರು.

ಆ ಆರು ವಾರ ಅವಳ ಸ್ನಾನ ನನ್ನ ಪಾಲಿಗೆ ಬಂತು. ನಾನು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿ ನೂರಾರು ಮಕ್ಕಳ ಮೂಗು ಒರೆಸಿದವಳು, ನನಗೇನೂ ಅಸಹ್ಯವಿರಲಿಲ್ಲ. ಕಷ್ಟವಾದದ್ದು ಅವಳಿಗೆ. ನಾನು ಎಷ್ಟು ಗದರಿದರೂ ಸೀರೆ ಬಿಚ್ಚುತ್ತಿರಲಿಲ್ಲ, ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಸ್ನಾನ ಮುಗಿದ ಮೇಲೆ ಮಧ್ಯಾಹ್ನದ ಊಟದವರೆಗೆ ನನ್ನೊಂದಿಗೆ ಮಾತಿಲ್ಲ. ಇಡೀ ಓಣಿಗೆ ಬುದ್ಧಿ ಹೇಳುವ ಹೆಂಗಸು ಅಷ್ಟು ಹೊತ್ತು ಸುಮ್ಮನಿರುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಎಂಟು ಹತ್ತು ದಿನವಾದ ಮೇಲೆ ಒಂದು ದಿನ ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಸಾಯಾಕ ನನಗೇನ ಅಂಜಿಕಿ ಇಲ್ಲ. ಇನ್ನೊಬ್ಬರ ಕೈಲೆ ಮೈ ತೊಳಸ್ಕೊಳ್ಳೂದು ಮಾತ್ರ ಇದ ಕಡೀದಾಗ್ಲಿ."

ಡಾಕ್ಟರಬಾಯಿ ಅವಳ ಎಲುಬಿನ ಫೋಟೊ ತೆಗೆಸಿ ಹೇಳಿದ್ದೂ ಅದೇ ವಿಷಯ, ಬೇರೆ ಮಾತಿನಲ್ಲಿ. ಎಲುಬು ಒಳಗೊಳಗೇ ಸವೆದು ಟೊಳ್ಳಾಗಿದೆ. ಈ ಸಲ ಮಣಿಕಟ್ಟಿಗೆ ಮುಗಿಯಿತು, ಮುಂದಿನ ಸಲ ಸೊಂಟ ಮುರಿದರೆ ಹಾಸಿಗೆಯೇ ಗತಿ. ವರ್ಷಕ್ಕೊಮ್ಮೆ ಒಂದು ಡ್ರಿಪ್ಪು ಹಾಕಿದರೆ ಸವೆತ ತಡೆಯಬಹುದು. ಆದರೆ ಈಗಲೇ ಹಾಕುವ ಹಾಗಿಲ್ಲ, ಮೈಯಲ್ಲಿ ವಿಟಮಿನ್ ಡಿ ತೀರಾ ತಳ ಮುಟ್ಟಿದೆ. ಅದನ್ನು ಮೊದಲು ಮೇಲೆ ತರಬೇಕು.

ಅತ್ತೆ ಇದನ್ನು ಒಪ್ಪಲಿಲ್ಲ. ಎಲುಬು ಆಗುವುದು ಸುಣ್ಣದಿಂದ ಎಂದು ಅವಳಿಗೂ ಗೊತ್ತಿತ್ತು. ದಿನಕ್ಕೆ ಹತ್ತು ಎಲೆಗೆ ಸುಣ್ಣ ಹಚ್ಚಿ ತಿನ್ನುತ್ತೇನೆ, ನನ್ನ ಮೈಯಲ್ಲಿ ಇಷ್ಟೊತ್ತಿಗೆ ಒಂದು ಮನೆ ಬಳಿಯುವಷ್ಟು ಸುಣ್ಣ ಕೂಡಿರಬೇಕು, ಎಲುಬು ಹೇಗೆ ಸವೆಯುತ್ತದೆ ಎಂದು ವಾದಕ್ಕಿಳಿದಳು. ಡಾಕ್ಟರಬಾಯಿ ನಮ್ಮ ಕಡೆಯವಳೇ, ಅಕ್ಕಿಆಲೂರಿನ ಅಕ್ಕಿ ಗಿರಣಿಯ ಸದ್ದು ಕೇಳುತ್ತ ಬೆಳೆದವಳು. ಅವಳಿಗೆ ಹೇಗೆ ಹೇಳಬೇಕೆಂದು ಗೊತ್ತಿತ್ತು. ಎಲೆಯ ಸುಣ್ಣವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಬಾಯಿ ಸುಡುವುದಕ್ಕೆ ಮಾತ್ರ. ಹಾಲು, ಮೊಸರು, ರಾಗಿಯಲ್ಲಿರುವುದು ನಿಜವಾದ ಸುಣ್ಣ. ಅದೂ ಲಾರಿ ತುಂಬ ಬಂದು ಗಿರಣಿಯ ಮುಂದೆ ನಿಂತರೆ ಸಾಲದು, ಇಳಿಸಿ ಒಳಗೆ ಹೊರುವ ಹಮಾಲ ಬೇಕು, ವಿಟಮಿನ್ ಡಿ ಎಂದರೆ ಆ ಹಮಾಲ ಎಂದಳು. ಹಮಾಲನಿಲ್ಲದೆ ಡ್ರಿಪ್ಪು ಹಾಕಿದರೆ ಇನ್ನೊಂದು ಅಪಾಯ: ಆ ಔಷಧ ಇದ್ದ ಸುಣ್ಣವನ್ನೆಲ್ಲ ಎಲುಬಿನಲ್ಲೇ ಬೀಗ ಹಾಕಿ ಇಡುತ್ತದೆ, ರಕ್ತಕ್ಕೆ ಸುಣ್ಣ ಕಡಿಮೆ ಬಿದ್ದು ಕೈಕಾಲು ಸೆಟೆದುಕೊಳ್ಳಬಹುದು. ಅದಕ್ಕೇ ಮೊದಲು ಡಿ, ಆಮೇಲೆ ಡ್ರಿಪ್ಪು. ಅತ್ತೆ ಹಮಾಲನನ್ನು ಒಪ್ಪಿದಳು, ಎಲೆಯ ಸುಣ್ಣದ ವಿಷಯದಲ್ಲಿ ಮಾತ್ರ ಡಾಕ್ಟರಬಾಯಿಗೆ ತಿಳಿವಳಿಕೆ ಸಾಲದು ಎಂದು ಬಸ್ಸಿನಲ್ಲಿ ಹೇಳಿದಳು.

ಬರೆದುಕೊಟ್ಟದ್ದು ಎಂಟು ಪುಡಿಯ ಪಾಕೀಟು. ವಾರಕ್ಕೊಂದು, ಊಟವಾದ ಮೇಲೆ ಒಂದು ಲೋಟ ಹಾಲಿನಲ್ಲಿ ಕಲಸಿ ಕುಡಿಯಬೇಕು. ಜೊತೆಗೆ ಬೆಳಗಿನ ಹೊತ್ತು ತುಸು ಬಿಸಿಲಿಗೆ ಕೈಕಾಲು ಒಡ್ಡಿ ಕೂರಬೇಕು. ಬಿಸಿಲಿನ ಕತೆಯನ್ನು ಮೊದಲು ಮುಗಿಸುತ್ತೇನೆ. ಮರುದಿನವೇ ಮಾಳಿಗೆಯ ಮೇಲೆ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿ ಕೆಳಗೆ ಬಂದೆ. ಅರ್ಧ ತಾಸು ಬಿಟ್ಟು ಹೋಗಿ ನೋಡಿದರೆ ತಲೆಗೆ ಸೆರಗು, ಮೈಗೆ ಶಾಲು, ಮೇಲೆ ನನ್ನ ಗಂಡನ ಕರಿ ಛತ್ರಿ. ಬಿಸಿಲಿನಲ್ಲಿ ಕುಂದ್ರು ಅಂದಿರಿ, ಕುಂತಿದ್ದೇನೆ, ಇನ್ನೇನು ಮೊಣಕಾಲು ತೆಗೆದು ಊರಿಗೆ ತೋರಿಸಲೇ ಎಂದು ನನ್ನನ್ನೇ ಕೇಳಿದಳು. ಬಿಸಿಲಿನ ಆಸೆಯನ್ನು ನಾನು ಅಲ್ಲಿಗೇ ಬಿಟ್ಟೆ, ಎಲ್ಲ ಭರವಸೆ ಪುಡಿಯ ಮೇಲೆ ಇಟ್ಟೆ.

ಪುಡಿಯನ್ನು ನಾನೇ ಕಲಸಿ ಕುಡಿಸುತ್ತೇನೆ ಎಂದದ್ದಕ್ಕೆ ಅತ್ತೆ ಕೈ ಅಡ್ಡ ಹಿಡಿದಳು. ಮೈ ತೊಳೆಸಿಕೊಂಡದ್ದಾಯಿತು, ಇನ್ನು ಬಾಯಿಗೆ ಹಾಲು ಹಾಕಿಸಿಕೊಳ್ಳುವಷ್ಟು ಕೆಟ್ಟಿಲ್ಲ ಎಂದಳು. ಆ ಮಾತಿಗೆ ನಾನು ಸೋತೆ. ಸೋಮವಾರ ಅವಳ ಪೂಜೆಯ ದಿನವಾದ್ದರಿಂದ ಮರೆಯುವುದಿಲ್ಲ ಎಂದು ಸೋಮವಾರವನ್ನೇ ಗೊತ್ತು ಮಾಡಿದೆವು. ಬೆಳಿಗ್ಗೆ ನಾನು ಪಾಕೀಟು ಕೊಡಬೇಕು, ಸಂಜೆ ಅವಳು ಖಾಲಿ ಪಾಕೀಟು ತಂದು ಒಪ್ಪಿಸಬೇಕು. ಒಪ್ಪಿಸಿದ ಪಾಕೀಟನ್ನು ನಾನು ಒಂದು ನೋಟುಬುಕ್ಕಿಗೆ ಅಂಟಿಸಿ ಪಕ್ಕದಲ್ಲಿ ವಾರ ಬರೆದು ಸಹಿ ಮಾಡುತ್ತಿದ್ದೆ. ನಿವೃತ್ತಿಯಾಗಿ ಒಂದು ವರ್ಷವಾಗಿತ್ತು, ಹಾಜರಿ ತೆಗೆದುಕೊಳ್ಳದೆ ಕೈ ತುರಿಸುತ್ತಿತ್ತು. ನೋಟುಬುಕ್ಕಿನ ಮೇಲೆ ಬಣ್ಣದ ಪೆನ್ನಿನಿಂದ ಗೆರೆ ಕೂಡ ಹೊಡೆದಿದ್ದೆ.

ಅದೇ ದಿನಗಳಲ್ಲಿ ಇನ್ನೊಂದು ನಡೆಯಿತು. ಅತ್ತೆಗೆ ನನ್ನ ಮೇಲೆ ಪ್ರೀತಿ ಹುಟ್ಟಿತು.

ನಮ್ಮ ಪಡಸಾಲೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಓಣಿಯ ಮೂವರು ಹೆಂಗಸರು ಬಂದು ಅತ್ತೆಯ ಜೊತೆ ಕೂತು ಎಲೆ ಹೊಂದಿಸುತ್ತಾರೆ. ಒಬ್ಬಳು ಎದುರು ಮನೆಯ ಬೀಬಿ, ಅವಳ ಮನೆಯವರು ತಲೆಮಾರಿನಿಂದ ಎಲೆ ವ್ಯಾಪಾರದವರು. ಇನ್ನಿಬ್ಬರು ಹಿಂದಿನ ಓಣಿಯ ವಾರಗಿತ್ತಿಯರು, ಒಬ್ಬರ ಮುಖ ಒಬ್ಬರಿಗಾಗದಿದ್ದರೂ ಇಲ್ಲಿ ಮಾತ್ರ ಪಕ್ಕಪಕ್ಕ ಕೂರುತ್ತಾರೆ. ಅತ್ತೆ ಎಲ್ಲರಿಗೂ ತನ್ನ ಕೈಯಾರೆ ಎಲೆ ಮಡಿಚಿ ಕೊಟ್ಟ ಮೇಲೆಯೇ ತನ್ನದನ್ನು ಬಾಯಿಗೆ ಇಡುವುದು. ಎಲೆ ಬೆಳೆಯುವವರ ಮನೆಯಲ್ಲಿ ಒಬ್ಬರೇ ಎಲೆ ತಿನ್ನುವುದು ಎಂದರೆ ಬಾಗಿಲು ಹಾಕಿಕೊಂಡು ಹೋಳಿಗೆ ತಿಂದ ಹಾಗೆ, ಜನ ಆಡಿಕೊಳ್ಳುತ್ತಾರೆ. ಆ ಗುಂಪಿಗೆ ನಾನು ಸೇರಿದವಳಲ್ಲ. ನಾನು ಆ ಹೊತ್ತಿಗೆ ಒಳಗೆ ಪೇಪರು ಓದುತ್ತ ಅಡ್ಡಾಗುತ್ತೇನೆ. ಮೂವತ್ತನಾಲ್ಕು ವರ್ಷದಲ್ಲಿ ಅತ್ತೆ ನನ್ನನ್ನು ಕರೆದು ಎಲೆ ಕೊಟ್ಟದ್ದು ಹಬ್ಬದ ದಿನ ಮಾತ್ರ, ಅದೂ ತಟ್ಟೆಯಲ್ಲಿ ಇಟ್ಟು.

ಈಗ ನೋಡಿದರೆ ಒಂದು ಸೋಮವಾರ ತಾನೇ ಎದ್ದು ಒಳಗೆ ಬಂದು, ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ಒಂದು ದಪ್ಪ ಎಲೆಮಡಿಕೆ ಹಿಡಿದು ತಿನ್ನು ಎಂದಳು. ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿತ್ತು, ಸಂತ್ರಿ ಹಣ್ಣಿನ, ಅಂದರೆ ಕಿತ್ತಳೆಯ ಪರಿಮಳ. ಮುಂದಿನ ಸೋಮವಾರವೂ ಬಂತು. ಅದರ ಮುಂದಿನ ಸೋಮವಾರವೂ. ನಾನು ತಿಂದು ಮುಗಿಸುವವರೆಗೆ ಎದುರಿಗೇ ನಿಂತಿರುತ್ತಿದ್ದಳು. ಇಷ್ಟು ವರ್ಷ ಹಾಲು ತುಪ್ಪ ಸುರಿದರೂ ಒಲಿಯದ ದೇವತೆ ಬಚ್ಚಲಲ್ಲಿ ಎರಡು ತಂಬಿಗೆ ನೀರು ಹಾಕಿದ್ದಕ್ಕೆ ಒಲಿದಳಲ್ಲ ಎಂದು ನನಗೆ ಕಣ್ಣು ತುಂಬಿತು. ಮಾಸೂರಿನಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿ ಕೊಚ್ಚಿಕೊಂಡೆ. ಅಕ್ಕ ಮಾತ್ರ, ಅತ್ತೆ ಇದ್ದಕ್ಕಿದ್ದ ಹಾಗೆ ಪ್ರೀತಿ ಮಾಡಿದರೆ ಎಲೆಯನ್ನು ಬಿಚ್ಚಿ ನೋಡಿ ತಿನ್ನಬೇಕು ಎಂದಳು. ಅಕ್ಕನಿಗೆ ತನ್ನ ಅತ್ತೆಯ ಕೈಯಿಂದ ಏನೂ ಸಿಗದ ಹೊಟ್ಟೆಕಿಚ್ಚು ಎಂದು ನಾನು ಫೋನು ಇಟ್ಟೆ.

ಎಂಟು ಸೋಮವಾರ ಮುಗಿದವು. ನೋಟುಬುಕ್ಕಿನಲ್ಲಿ ಎಂಟು ಖಾಲಿ ಪಾಕೀಟು, ಎಂಟು ಸಹಿ. ರಕ್ತ ಕೊಟ್ಟು, ರಿಪೋರ್ಟು ಹಿಡಿದು, ಅತ್ತೆಯನ್ನು ಕರೆದುಕೊಂಡು ಶಿಗ್ಗಾವಿಗೆ ಹೋದೆ. ಡ್ರಿಪ್ಪು ಅವತ್ತೇ ಹಾಕಿಸಿಕೊಂಡು ಬರುವ ತಯಾರಿಯಲ್ಲಿ ಅತ್ತೆ ಹೊಸ ಕುಪ್ಪಸ ತೊಟ್ಟಿದ್ದಳು. ಡಾಕ್ಟರಬಾಯಿ ರಿಪೋರ್ಟು ನೋಡಿದಳು, ಅತ್ತೆಯನ್ನು ನೋಡಿದಳು, ಮತ್ತೆ ರಿಪೋರ್ಟು ನೋಡಿದಳು. ಡಿ ಏರಿದ್ದು ಹೆಸರಿಗೆ ಮಾತ್ರ. ಪುಡಿ ಸರಿಯಾಗಿ ತೆಗೆದುಕೊಂಡರಾ ಎಂದು ಕೇಳಿದಳು. ನಾನು ನೋಟುಬುಕ್ಕನ್ನು ಮೇಜಿನ ಮೇಲೆ ಇಟ್ಟೆ. ಅದನ್ನು ತಿರುವಿ ನೋಡಿ ಅವಳು ನನ್ನನ್ನು ಬಹಳ ಹೊಗಳಿದಳು. ಆಮೇಲೆ ಹುಬ್ಬು ಗಂಟಿಕ್ಕಿ, ಕೆಲವರಿಗೆ ಕರುಳು ಹಿಡಿದುಕೊಳ್ಳುವುದಿಲ್ಲ, ಹಾಗಿದ್ದರೆ ಹುಬ್ಬಳ್ಳಿಗೆ ಕಳಿಸಿ ಹೊಟ್ಟೆಯ ಪರೀಕ್ಷೆ ಮಾಡಿಸಬೇಕಾಗುತ್ತದೆ, ಡ್ರಿಪ್ಪು ಸದ್ಯಕ್ಕೆ ಬೇಡ ಎಂದಳು. ಅಷ್ಟರವರೆಗೆ ಬೀಳದ ಹಾಗೆ ನೋಡಿಕೊಳ್ಳಿ ಎಂದು ಎರಡು ಸಲ ಹೇಳಿದಳು. ಅತ್ತೆ ಹೊರಗೆ ಬರುವಾಗ ನನ್ನ ಭುಜ ಗಟ್ಟಿಯಾಗಿ ಹಿಡಿದಿದ್ದಳು. ಅವಳಿಗೆ ಹೆದರಿಕೆಯಾಗಿದೆ ಎಂದು ಆ ಹಿಡಿತದಿಂದಲೇ ನನಗೆ ತಿಳಿಯಿತು.

ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಸವಣೂರಿನಲ್ಲಿ ಬಸ್ಸು ಇಳಿದವಳೇ ಅತ್ತೆಯನ್ನು ಆಟೊ ಹತ್ತಿಸಿ ಮನೆಗೆ ಕಳಿಸಿ, ಸೀದಾ ಔಷಧದ ಅಂಗಡಿಗೆ ನುಗ್ಗಿದೆ. ಅಂಗಡಿಯವನು ನನ್ನ ಕೈಯಲ್ಲಿ ಮಗ್ಗಿ ಕಲಿತವನು. ಈಗ ತಲೆ ಬೋಳಾಗಿ ಕನ್ನಡಕ ಬಂದಿದೆ, ಆದರೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಗಿರಾಕಿಗಳ ಮುಂದೆಯೇ ಅವನ ನೀರಿಳಿಸಿದೆ. ಖೊಟ್ಟಿ ಪುಡಿ ಮಾರಿ ಮುದುಕರ ಎಲುಬಿನ ಜೊತೆ ಆಟವಾಡುತ್ತೀಯಾ, ನಿನಗೆ ಹದಿನೇಳರ ಮಗ್ಗಿ ಬರುತ್ತಿರಲಿಲ್ಲ ಎಂದಾಗಲೇ ನೀನು ಎಲ್ಲಿಗೆ ಮುಟ್ಟುತ್ತೀ ಎಂದು ನನಗೆ ಗೊತ್ತಿತ್ತು ಎಂದೆಲ್ಲ ಅಂದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಪೆಟ್ಟಿಗೆ ತೆಗೆದು ತೋರಿಸಿ, ಇದೇ ಪುಡಿ ತೆಗೆದುಕೊಂಡವರು ಊರಲ್ಲಿ ಹತ್ತು ಮಂದಿ ಇದ್ದಾರೆ, ಎಲ್ಲರಿಗೂ ಏರಿದೆ ಎಂದ. ಆಮೇಲೆ ಮೆಲ್ಲಗೆ ಒಂದು ಮಾತು ಹೇಳಿದ:

"ಅಕ್ಕೋರ, ಪುಡಿದು ತಪ್ಪಿಲ್ರಿ. ಹೋಗಬೇಕಾದ ಹೊಟ್ಟಿಗೇ ಹೋಗಾಕತ್ತೈತೇನ, ಅದನ್ನೊಂದು ನೋಡ್ರಿ."

ಇಂಥ ಮಾತು ಹದಿನೇಳರ ಮಗ್ಗಿ ಬರದವನ ಬಾಯಿಂದ ಬಂತಲ್ಲ ಎಂದು ನನಗೆ ಇನ್ನಷ್ಟು ಉರಿಯಿತು. ಆದರೆ ಅದು ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಇನ್ನೂ ಎಂಟು ಪಾಕೀಟು ತೆಗೆದುಕೊಂಡೇ ಮನೆಗೆ ಬಂದೆ.

ಮುಂದಿನ ಸೋಮವಾರ ಬೆಳಿಗ್ಗೆ ಅತ್ತೆಗೆ ಪಾಕೀಟು ಕೊಟ್ಟು, ಹಾನಗಲ್ಲಿಗೆ ಹೋಗಿ ಸಂಜೆ ಬರುತ್ತೇನೆ ಎಂದು ಚೀಲ ಹಿಡಿದು ಹೊರಬಿದ್ದೆ. ಓಣಿ ಸುತ್ತಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ಪಡಸಾಲೆಗೆ ಅಂಟಿದ ಕೋಣೆಯಲ್ಲಿ ಒದ್ದೆ ಗೋಣಿಚೀಲ ಹೊದಿಸಿದ ಎಲೆಬುಟ್ಟಿಗಳ ಹಿಂದೆ ಕೂತೆ. ಅರವತ್ತೊಂದು ವಯಸ್ಸಿನ ನಿವೃತ್ತ ಶಿಕ್ಷಕಿ ತನ್ನ ಮನೆಯಲ್ಲಿ ತಾನೇ ಕಳ್ಳಿಯಾಗಿ ಕೂತದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಆವತ್ತು ನಗು ಬರಲಿಲ್ಲ, ಮೊಣಕಾಲು ಹಿಡಿದುಕೊಂಡು ಜೀವ ಹೋಗುತ್ತಿತ್ತು. ಬಾಗಿಲ ಸಂದಿನಿಂದ ಪಡಸಾಲೆ ಪೂರ್ತಿ ಕಾಣುತ್ತಿತ್ತು.

ಮಧ್ಯಾಹ್ನ ಮೂವರೂ ಬಂದರು. ಎಲೆ ಹೊಂದಿಸುವ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಅತ್ತೆ ಸೊಂಟದ ಸಂಚಿ ಬಿಚ್ಚಿದಳು. ಒಳ್ಳೆಯ ಎಲೆ ಆರಿಸಿ ಒರೆಸಿ ತೊಡೆಯ ಮೇಲೆ ಸಾಲಾಗಿ ಇಟ್ಟಳು. ಸುಣ್ಣ ಸವರಿದಳು, ಅಡಿಕೆ ಹಾಕಿದಳು. ಆಮೇಲೆ ಸಂಚಿಯಿಂದ ನಾನು ಬೆಳಿಗ್ಗೆ ಕೊಟ್ಟ ಪಾಕೀಟು ತೆಗೆದು ಹಲ್ಲಿನಿಂದ ಹರಿದು, ಅಂಗಾರದ ಬೂದಿ ಹಂಚುವ ಪೂಜಾರಿಯ ಗಾಂಭೀರ್ಯದಿಂದ ಒಂದೊಂದು ಎಲೆಗೆ ಒಂದೊಂದು ಚಿಟಿಕೆ ಉದುರಿಸಿದಳು. ಬೀಬಿಗೆ ಒಂದು, ವಾರಗಿತ್ತಿಯರಿಗೆ ಒಂದೊಂದು, ತನಗೊಂದು. ಹೋದ ವಾರಕ್ಕಿಂತ ಮೊಣಕಾಲು ಹಗುರಾಗಿದೆ ಎಂದು ಬೀಬಿ ಹೇಳಿದಳು. ತನಗೆ ಮೆಟ್ಟಿಲು ಹತ್ತಲು ಬರುತ್ತಿದೆ ಎಂದು ಒಬ್ಬ ವಾರಗಿತ್ತಿ ಹೇಳಿದಳು. ತನಗೆ ಅದಕ್ಕಿಂತ ಎರಡು ಮೆಟ್ಟಿಲು ಹೆಚ್ಚು ಬರುತ್ತದೆ ಎಂದು ಇನ್ನೊಬ್ಬಳು ಹೇಳಿದಳು. ಪಾಕೀಟಿನಲ್ಲಿ ಇನ್ನೂ ಪುಡಿ ಉಳಿದಿತ್ತು. ಅತ್ತೆ ಎರಡು ಎಲೆಗಳನ್ನು ಒಂದರ ಮೇಲೊಂದು ಇಟ್ಟು, ಉಳಿದದ್ದನ್ನೆಲ್ಲ ಅದರಲ್ಲಿ ಕೊಡವಿ ದಪ್ಪಗೆ ಮಡಿಚಿದಳು. ಇದು ನಮ್ಮ ಅಕ್ಕೋರದು, ಹಾನಗಲ್ಲಿನಿಂದ ಬಂದ ಮೇಲೆ ಕೊಡುತ್ತೇನೆ ಎಂದು ಸಂಚಿಯಲ್ಲಿ ಇಟ್ಟಳು.

ನನ್ನ ಬಾಯಲ್ಲಿ ಎಂಟು ವಾರದ ಸಂತ್ರಿ ಹಣ್ಣಿನ ಪರಿಮಳ ಒಮ್ಮೆಗೇ ಬಂದಂತಾಯಿತು. ಪ್ರೀತಿ ಎಂದುಕೊಂಡು ತಿಂದದ್ದು ಔಷಧ. ಅದೂ ಅವಳ ಔಷಧ. ಎದ್ದು ಹೊರಗೆ ಬರಲು ಹೋದೆ, ಮೊಣಕಾಲು ಏಳಲಿಲ್ಲ. ಬುಟ್ಟಿ ಹಿಡಿದು, ಗೋಡೆ ಹಿಡಿದು, ಒದ್ದೆ ಗೋಣಿಚೀಲವನ್ನು ಹೆಗಲ ಮೇಲೆ ಎಳೆದುಕೊಂಡು ಹೊರಬಂದೆ. ಮೂವರು ಹೆಂಗಸರು ದೆವ್ವ ಕಂಡವರ ಹಾಗೆ ಎದ್ದರು. ಬೀಬಿ ಬಾಯಿಯ ಎಲೆಯನ್ನು ನುಂಗಿಯೇ ಬಿಟ್ಟಳು. ಎರಡು ನಿಮಿಷದಲ್ಲಿ ಪಡಸಾಲೆ ಖಾಲಿಯಾಯಿತು.

ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ವಾರದ ಔಷಧವನ್ನು ಪ್ರಸಾದ ಮಾಡಿ ಓಣಿಗೆ ಹಂಚಿದಿರಿ, ನೋಟುಬುಕ್ಕಿನ ಮುಂದೆ ನನ್ನನ್ನು ಮಂಗ ಮಾಡಿದಿರಿ, ಪಾಪದ ಅಂಗಡಿಯವನ ಮಾನ ತೆಗೆಸಿದಿರಿ ಎಂದು ಕೂಗಿದೆ. ಅತ್ತೆ ತಲೆ ತಗ್ಗಿಸಿ ಎಲೆ ಹೊಂದಿಸುತ್ತಲೇ ಇದ್ದಳು. ಮೂರು ಮಂದಿ ಎದುರಿಗೆ ಕೂತಿರುವಾಗ ಸಿಹಿ ಪುಡಿಯನ್ನು ತಾನೊಬ್ಬಳೇ ಬಾಯಿಗೆ ಹಾಕಿಕೊಳ್ಳುವುದು ಹೇಗೆ, ಎಲುಬು ಏನು ತನಗೊಬ್ಬಳಿಗೇ ಇದೆಯೇ ಎಂದು ಗೊಣಗಿದಳು. ಆ ಸಮಾಧಾನದ ದನಿಗೆ ನನ್ನ ಸಿಟ್ಟು ನೆತ್ತಿಗೇರಿತು. ಹೇಳಬಾರದ್ದನ್ನು ಹೇಳಿಬಿಟ್ಟೆ.

"ನಾಳಿಗೆ ಬಿದ್ದು ಸೊಂಟ ಮುರ್ಕೊಂಡ್ರ ನಿಮ್ಮನ್ನ ತೊಳಿಯಾಕಿ ಯಾರ್ರಿ? ಬೀಬಿ ಬರ್ತಾಳೇನು?"

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವಳು ಅಂಜುವುದು ಜಗತ್ತಿನಲ್ಲಿ ಆ ಒಂದಕ್ಕೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಅಲ್ಲಿಯೇ ಚುಚ್ಚಿದ್ದೆ. ಅತ್ತೆಯ ಕೈ ನಿಂತಿತು. ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ.

"ನೀನ ತೊಳಿಯಾಕಿ. ಅದಕ್ಕ ನಿನಗ ಎರಡು ಪಾಲು ಹಾಕೀನಿ," ಎಂದಳು. "ಹೊಸ್ತಿಲಾ ದಾಟೂ ಮುಂದ ಗ್ವಾಡಿ ಹಿಡೀತಿ, ನಾ ನೋಡೀನಿ. ನೀ ಮುರದ್ರ ನನ್ನ ಎತ್ತಾವ್ರು ಯಾರದಾರ?"

ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ನನ್ನ ನಡಿಗೆಯನ್ನು ಯಾರಾದರೂ ನೋಡುತ್ತಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಗಂಡನಿಗೆ ಗೊತ್ತಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಅತ್ತು ಮುಗಿದ ಮೇಲೆ ವಾಪಸು ಬಂದು ಇನ್ನೊಂದು ಸುತ್ತು ಬೈದೆ, ಬೈಯದಿದ್ದರೆ ಅವಳು ಗೆದ್ದ ಹಾಗಾಗುತ್ತಿತ್ತು. ಸಂಚಿಯಲ್ಲಿದ್ದ ನನ್ನ ಪಾಲನ್ನು ಕಿತ್ತುಕೊಂಡು ಅವಳ ಬಾಯಿಗೇ ತುರುಕಿದೆ.

ಡಾಕ್ಟರಬಾಯಿಗೆ ನಡೆದದ್ದನ್ನೆಲ್ಲ ಹೇಳಿದಾಗ ಅವಳು ಕುರ್ಚಿ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ನಕ್ಕಳು. ಎಲೆ ತಿಂದವರು ಉಗುಳುತ್ತಾರಲ್ಲ, ಹಾಗಾದರೆ ನಿಮ್ಮ ಹಿತ್ತಲ ಗೋಡೆಯ ಎಲುಬು ಗಟ್ಟಿಯಾಗಿರಬೇಕು ಎಂದಳು. ಆಮೇಲೆ ಗಂಭೀರವಾಗಿ, ಹಂಚಿದ್ದು ಚಿಟಿಕೆಯಾದ್ದರಿಂದ ಯಾರಿಗೂ ಏನೂ ಆಗಿಲ್ಲ, ಆದರೆ ಈ ಪುಡಿ ಮಿತಿಮೀರಿದರೂ ಕೆಟ್ಟದ್ದೇ, ಪರೀಕ್ಷೆ ಮಾಡಿಸದೆ ಯಾರೂ ತಿನ್ನಬಾರದು ಎಂದು ಅತ್ತೆಯಿಂದ ಕೈ ಮುಟ್ಟಿಸಿ ಮಾತು ತೆಗೆದುಕೊಂಡಳು. ಹೊರಡುವಾಗ ನನ್ನ ರಕ್ತವನ್ನೂ ತೆಗೆಸಿದಳು. ಎರಡು ದಿನ ಬಿಟ್ಟು ರಿಪೋರ್ಟು ಬಂತು. ಎರಡು ಪಾಲು ತಿಂದೂ ನನ್ನ ಡಿ ಅತ್ತೆಯದಕ್ಕಿಂತ ಕೆಳಗಿತ್ತು. ಮೂವತ್ತು ವರ್ಷ ನಾನು ಶಾಲೆಯ ಕೋಣೆಯ ನೆರಳಿನಲ್ಲೇ ಇದ್ದೆನಲ್ಲ. ಅತ್ತೆ ಆ ರಿಪೋರ್ಟನ್ನು ನನ್ನ ನೋಟುಬುಕ್ಕಿಗೆ ಅಂಟಿಸು ಎಂದಳು.

ಅಲ್ಲಿಂದ ಸೋಮವಾರಕ್ಕೆ ಎರಡು ಪಾಕೀಟು, ಎರಡು ಲೋಟ ಹಾಲು, ಊಟದ ತಟ್ಟೆಯ ಮುಂದೆಯೇ. ಇಬ್ಬರೂ ಕೂಡಿ ಕುಡಿಯುವುದಾದರೆ ಅವಳದೇನೂ ತಕರಾರಿರಲಿಲ್ಲ. ನಾನು ತಳದಲ್ಲಿ ಸ್ವಲ್ಪ ಬಿಟ್ಟರೆ ಬೆರಳಿನಿಂದ ತೋರಿಸುತ್ತಿದ್ದಳು. ಮಧ್ಯಾಹ್ನದ ಮೂವರು ಹೆಂಗಸರನ್ನೂ ಒಂದು ದಿನ ಆಟೊದಲ್ಲಿ ತುಂಬಿಕೊಂಡು ಹೋಗಿ ರಕ್ತ ಕೊಡಿಸಿದೆ. ವಾರಗಿತ್ತಿಯರಲ್ಲಿ ಒಬ್ಬಳಿಗೆ ಪುಡಿ ಬರೆದುಕೊಟ್ಟರು, ಇನ್ನೊಬ್ಬಳಿಗೆ ಇಲ್ಲ. ಅದಕ್ಕಾಗಿ ಅವರು ಇವತ್ತಿಗೂ ಮಾತು ಬಿಟ್ಟಿದ್ದಾರೆ. ಅಂಗಡಿಯವನ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವನು ಮತ್ತೆ ಎದ್ದು ನಿಂತ.

ಶ್ರಾವಣದ ಹೊತ್ತಿಗೆ ಅತ್ತೆಯ ಡಿ ಬೇಕಾದಲ್ಲಿಗೆ ಏರಿತು. ಡ್ರಿಪ್ಪು ಹಾಕಿದರು. ಇದರಿಂದ ಎಲುಬು ಕಬ್ಬಿಣವಾಗುವುದಿಲ್ಲ, ಬೀಳದ ಹಾಗೆ ನಡೆಯಬೇಕು, ಹಾಲು ಮೊಸರು ಬಿಡಬಾರದು, ಡಿ ಮತ್ತೆ ಇಳಿಯಗೊಡಬಾರದು ಎಂದು ಡಾಕ್ಟರಬಾಯಿ ಹೇಳಿ ಕಳಿಸಿದಳು. ಎರಡು ದಿನ ಜ್ವರ, ಮೈಕೈ ನೋವು ಬರಬಹುದು ಎಂದಿದ್ದಳು, ಹಾಗೆಯೇ ಬಂತು. ಅತ್ತೆ ಎರಡು ದಿನ ಕಂಬಳಿ ಹೊದ್ದು ಮಲಗಿ ಡಾಕ್ಟರಬಾಯಿಯ ಮನೆತನವನ್ನು ವಿಚಾರಿಸಿಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತ್ತು. ನೀರು ಕಾಯಿಸು ಎಂದಳು. ಕಾಯಿಸಿ ತೋಡಿಟ್ಟೆ. ಕೈ ಹಿಡಿಯಲು ಹೋದರೆ ಬೇಡ ಎಂದು ತಾನೇ ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಎರಡು ದಿನ ಅನ್ನ ಸರಿಯಾಗಿ ತಿಂದಿರಲಿಲ್ಲ, ಒಳಗೆ ನೆಲ ಒದ್ದೆ. ನನಗೆ ಜೀವ ನಿಲ್ಲಲಿಲ್ಲ. ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ತಂಬಿಗೆಯ ಸದ್ದು ಬಂತು, ನೀರು ಸುರಿದ ಸದ್ದು ಬಂತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ.

"ಹೊರಗ ನಿಂತೀ ಏನ?" ಎಂದು ಒಳಗಿಂದ ಕೇಳಿದಳು.

"ಇಲ್ರಿ," ಎಂದೆ.

"ಹಂಗಾರ ಒಳಗ ಬಾ. ಬೆನ್ನಿಗೆ ಕೈ ಮುಟ್ಟವಲ್ದು, ಚಲೋತ್ನ್ಯಾಗ ತಿಕ್ಕು."

ಬಾಗಿಲು ತಳ್ಳಿ ಒಳಗೆ ಹೋದೆ. ಅವಳು ಗೋಡೆಗೆ ಮುಖ ಮಾಡಿರಲಿಲ್ಲ, ಕಣ್ಣೂ ಮುಚ್ಚಿರಲಿಲ್ಲ. ಸೀರೆ ಬಿಚ್ಚಿ ಗೂಟಕ್ಕೆ ಹಾಕಿ, ಬಾಗಿಲ ಕಡೆಗೇ ನೋಡುತ್ತ ಕೂತಿದ್ದಳು.